ನಾಲ್ಕು ಬೆರಳಗಲದ ನೆರಳು ಮತ್ತು ಸರ್ಕಾರದ ಸಹಾಯಧನ

ಚಳಿಗಾಲದ ಒಂದು ಬೆಳಿಗ್ಗೆ, ಹತ್ತು ಗಂಟೆಯ ಹೊತ್ತಿಗೆ, ಸ್ನೇಹಿತರೊಬ್ಬರ ಮನೆಯ ತಾರಸಿಯ ಮೇಲೆ ನಿಂತಿದ್ದೆ. ಎಂಟು ಸೌರ ಫಲಕಗಳು ಒಂದೇ ಸಾಲಿನಲ್ಲಿ ಸೂರ್ಯನಿಗೆ ಮುಖಮಾಡಿದ್ದವು. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಆದರೂ ಫಲಕದ ವಿದ್ಯುತ್ತನ್ನು ಮನೆಯ ಬಳಕೆಗೆ ತಕ್ಕಂತೆ ಬದಲಿಸುವ ಇನ್ವರ್ಟರ್‌ನ ಪರದೆ ಬರೀ 900 ವ್ಯಾಟ್ ತೋರಿಸುತ್ತಿತ್ತು. ಬಗ್ಗಿ ನೋಡಿದಾಗ ಕಾರಣ ಕಂಡಿತು. ತಾರಸಿಯ ಅಡ್ಡಗೋಡೆಯ ನೆರಳು ಎಂಟೂ ಫಲಕಗಳ ಕೆಳ ಅಂಚಿನ ಮೇಲೆ ನಾಲ್ಕು ಬೆರಳಗಲ ಬಿದ್ದಿತ್ತು. ಅರ್ಧ ಗಂಟೆಯಲ್ಲಿ ಸೂರ್ಯ ಮೇಲೇರಿ ನೆರಳು ಸರಿದ ಮೇಲೆ ಅದೇ ಪರದೆಯಲ್ಲಿ ಅಂಕಿ 1,600 ದಾಟಿತು. ನೆರಳು ಮುಚ್ಚಿದ್ದು ಒಟ್ಟು ವಿಸ್ತೀರ್ಣದ ನೂರರಲ್ಲಿ ಐದಾರು ಪಾಲು, ನುಂಗಿದ್ದು ಉತ್ಪಾದನೆಯ ಅರ್ಧಕ್ಕೆ ಹತ್ತಿರ.

ಆ ಸ್ನೇಹಿತರು ಸಹಾಯಧನದ ಅರ್ಜಿಗಾಗಿ ಎರಡು ತಿಂಗಳು ಓಡಾಡಿದ್ದರು. ನೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂದು ನೋಡಲು ಹತ್ತು ನಿಮಿಷವನ್ನೂ ಯಾರೂ ಕೊಟ್ಟಿರಲಿಲ್ಲ, ಫಲಕ ಜೋಡಿಸಿದವರು ಕೂಡ. ಮನೆಯ ಮೇಲೆ ಸೌರ ಫಲಕ ಹಾಕಿಸಿದರೆ ಗಿಟ್ಟುತ್ತದೆಯೇ ಎಂದು ಯಾರಾದರೂ ಕೇಳಿದಾಗಲೆಲ್ಲ ನನಗೆ ಆ ಬೆಳಿಗ್ಗೆ ನೆನಪಾಗುತ್ತದೆ. ಮಾತು ಸರ್ಕಾರ ಎಷ್ಟು ಕೊಡುತ್ತದೆ ಎಂಬುದರಿಂದ ಶುರುವಾಗಿ ಅಲ್ಲೇ ಮುಗಿಯುತ್ತದೆ. ನಿಜವಾದ ಉತ್ತರ ತಾರಸಿಯ ಮೇಲಿದೆ, ನಿಮ್ಮ ಮನೆಯ ಮಧ್ಯಾಹ್ನ ಹೇಗೆ ಕಳೆಯುತ್ತದೆ ಎಂಬುದರಲ್ಲಿದೆ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕು. ಫಲಕಕ್ಕೆ ಬೇಕಾದದ್ದು ಬೆಳಕು, ಶಾಖವಲ್ಲ. ಬಿಸಿಲು ಸುಡುವಂತಿದ್ದರೆ ಕರೆಂಟು ಹೆಚ್ಚು ಬರುತ್ತದೆ ಎಂದು ಓದಿದವರೂ ನಂಬಿದ್ದಾರೆ. ಫಲಕದ ಮೇಲೆ ನಮೂದಾಗಿರುವ ಸಾಮರ್ಥ್ಯ, ಅದರೊಳಗೆ ಬೆಳಕನ್ನು ವಿದ್ಯುತ್ತಾಗಿಸುವ ಬಿಲ್ಲೆಗಳ, ಅಂದರೆ ಕೋಶಗಳ, ಉಷ್ಣತೆ 25 ಡಿಗ್ರಿ ಇದ್ದಾಗಿನದು. ಅಲ್ಲಿಂದ ಪ್ರತಿ ಡಿಗ್ರಿ ಏರಿದಂತೆ ಶೇಕಡಾ 0.3ರಿಂದ 0.4ರಷ್ಟು ಉತ್ಪಾದನೆ ಇಳಿಯುತ್ತದೆ. ಕಡುಬೇಸಿಗೆಯ ನಡುಹಗಲಿನಲ್ಲಿ ಫಲಕ 65 ಡಿಗ್ರಿಗೆ ಕಾದರೆ ಏಳರಲ್ಲಿ ಒಂದು ಪಾಲು ಹೋಯಿತೆಂದೇ ಲೆಕ್ಕ. ಆದ್ದರಿಂದಲೇ ಫಲಕದ ಅಡಿಯಲ್ಲಿ ಗಾಳಿಯಾಡಲು ಜಾಗ ಬಿಡಬೇಕು. ಶುಭ್ರ ಆಕಾಶದ, ತಣ್ಣನೆಯ ಗಾಳಿಯ ದಿನವೇ ಅದಕ್ಕೆ ಹಬ್ಬ.

ಈ ಗೊಂದಲಕ್ಕೆ ಇತಿಹಾಸವೂ ಒಂದಿಷ್ಟು ಕಾರಣ. 1979ರಲ್ಲಿ ಅಮೆರಿಕದ ಅಧ್ಯಕ್ಷ ಜಿಮ್ಮಿ ಕಾರ್ಟರ್ ಶ್ವೇತಭವನದ ಛಾವಣಿಯ ಮೇಲೆ 32 ಸೌರ ಫಲಕಗಳನ್ನು ಕೂರಿಸಿದರು. ಅವು ನೀರು ಕಾಯಿಸುವ ಫಲಕಗಳು. ಶಾಖವೇ ಅವುಗಳ ಬಂಡವಾಳ. ವಿದ್ಯುತ್ ಕೊಡುವ ಫಲಕದ ವಂಶವೇ ಬೇರೆ. ಅದರ ಕಥೆ 1839ರಲ್ಲಿ ಆರಂಭವಾಗುತ್ತದೆ. ಹತ್ತೊಂಬತ್ತರ ಹರೆಯದ ಫ್ರೆಂಚ್ ಯುವಕ ಎಡ್ಮಂಡ್ ಬೆಕ್ವೆರೆಲ್ ತನ್ನ ತಂದೆಯ ಪ್ರಯೋಗಾಲಯದಲ್ಲಿ, ದ್ರಾವಣದಲ್ಲಿ ಅದ್ದಿದ ಲೋಹದ ತಗಡುಗಳ ಮೇಲೆ ಬೆಳಕು ಬಿದ್ದಾಗ ವಿದ್ಯುತ್ ಹುಟ್ಟುವುದನ್ನು ಕಂಡ. 1880ರ ದಶಕದಲ್ಲಿ ಅಮೆರಿಕದ ಚಾರ್ಲ್ಸ್ ಫ್ರಿಟ್ಸ್ ಸೆಲೆನಿಯಂ ಮೇಲೆ ಚಿನ್ನದ ತೆಳುಪದರ ಹಾಸಿ ಕೋಶ ಮಾಡಿದ. ನೂರು ಪಾಲು ಬೆಳಕಿನಲ್ಲಿ ಒಂದು ಪಾಲಷ್ಟೇ ವಿದ್ಯುತ್ತಾಯಿತು. 1954ರ ಏಪ್ರಿಲ್‌ನಲ್ಲಿ ಬೆಲ್ ಪ್ರಯೋಗಾಲಯದ ಚಾಪಿನ್, ಫುಲ್ಲರ್, ಪಿಯರ್ಸನ್ ಸಿಲಿಕಾನ್ ಕೋಶವನ್ನು ಲೋಕಕ್ಕೆ ತೋರಿಸಿದಾಗ ಆ ಒಂದು ಪಾಲು ಆರಾಗಿತ್ತು. ಈಗ ಮನೆಗಳ ಮೇಲೆ ಕೂರುವ ಫಲಕಗಳಲ್ಲಿ ಅದು ಇಪ್ಪತ್ತನ್ನು ದಾಟಿದೆ. ಈ ಬಗೆಯ, ಒಂದೇ ಸಂಧಿಯ ಕೋಶಕ್ಕೆ ಪ್ರಕೃತಿ ಎಳೆದ ಗೆರೆ ಸುಮಾರು 33ರಲ್ಲಿದೆ. ಅಂತಹ ಗೆರೆಯೊಂದಿದೆ ಎಂದು ವಿಜ್ಞಾನಿಗಳಾದ ಶಾಕ್ಲಿ ಮತ್ತು ಕ್ವೀಸರ್ 1961ರಲ್ಲೇ ಲೆಕ್ಕ ಹಾಕಿ ತೋರಿಸಿದ್ದಾರೆ. ಹಾಗಾಗಿ ಇನ್ನೆರಡು ವರ್ಷ ತಡೆದರೆ ಈಗಿನದಕ್ಕೆ ಎರಡರಷ್ಟು ಕೊಡುವ ಫಲಕ ಬರುತ್ತದೆ ಎಂದು ಕಾಯುತ್ತ ಕೂರುವುದರಲ್ಲಿ ಅರ್ಥವಿಲ್ಲ.

ಈಗ ಆ ನೆರಳಿಗೆ ಬರೋಣ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ. ಇಷ್ಟು ಅರ್ಥವಾದರೆ ಉಳಿದ ಲೆಕ್ಕವೆಲ್ಲ ಸಲೀಸು.

ಒಂದು ಸಿಲಿಕಾನ್ ಕೋಶ ಕೊಡುವುದು ಸುಮಾರು ಅರ್ಧ ವೋಲ್ಟ್. ಅಷ್ಟರಿಂದ ಏನೂ ನಡೆಯದು. ಆದ್ದರಿಂದ 60 ಕೋಶಗಳನ್ನು ಒಂದರ ಬಾಲಕ್ಕೆ ಇನ್ನೊಂದರ ತಲೆ ಕಟ್ಟಿದಂತೆ ಸರಣಿಯಲ್ಲಿ ಜೋಡಿಸುತ್ತಾರೆ. ಹಾಗೆ ಮಾಡಿದ ಫಲಕಗಳನ್ನೂ ಮತ್ತೆ ಸರಣಿಯಲ್ಲೇ ಜೋಡಿಸುತ್ತಾರೆ. ವೋಲ್ಟ್ ಕೂಡುತ್ತ ಹೋಗುತ್ತದೆ, ಆದರೆ ಹರಿಯುವ ವಿದ್ಯುತ್ ಸರಣಿಯ ಉದ್ದಕ್ಕೂ ಒಂದೇ. ಬೆಂಕಿ ಆರಿಸಲು ಬಾವಿಯಿಂದ ಮನೆಯವರೆಗೆ ಸಾಲಾಗಿ ನಿಂತು ಕೊಡ ದಾಟಿಸುವವರನ್ನು ನೆನೆಸಿಕೊಳ್ಳಿ. ಐವತ್ತೊಂಬತ್ತು ಜನ ಗಟ್ಟಿಗರಿದ್ದು ಒಬ್ಬನ ಕೈ ಸೋತರೆ, ಬೆಂಕಿಯ ಬಾಯಿಗೆ ಬೀಳುವ ನೀರನ್ನು ನಿರ್ಧರಿಸುವವನು ಆ ಒಬ್ಬನೇ. ತೋಟಕ್ಕೆ ನೀರು ಬಿಡುವ ಉದ್ದನೆಯ ಕೊಳವೆಯೂ ಹಾಗೆಯೇ. ನೂರು ಅಡಿ ಕೊಳವೆಯಲ್ಲಿ ಒಂದೇ ಕಡೆ ಕಾಲಿಟ್ಟು ತುಳಿದರೆ ಸಾಕು, ತುದಿಯಲ್ಲಿ ನೀರು ಸಣ್ಣಗಾಗುತ್ತದೆ. ನೆರಳು ಬಿದ್ದ ಕೋಶವೆಂದರೆ ತುಳಿದ ಜಾಗ.

ಇಷ್ಟಕ್ಕೇ ಮುಗಿಯಲಿಲ್ಲ. ಹಿಂದಿನವರು ಕೊಡ ದಾಟಿಸುತ್ತಲೇ ಇರುವಾಗ ಸೋತವನ ಮುಂದೆ ಕೊಡಗಳು ರಾಶಿ ಬೀಳುತ್ತವೆ. ಹಾಗೆಯೇ ಉಳಿದ ಕೋಶಗಳು ಹುಟ್ಟಿಸಿದ ಶಕ್ತಿಯೆಲ್ಲ ನೆರಳಿನ ಕೋಶದ ಮೇಲೆ ಬಿದ್ದು ಅದು ಉತ್ಪಾದಕನ ಬದಲು ಗ್ರಾಹಕನಾಗುತ್ತದೆ. ಕೆಂಡದಂತೆ ಕಾಯುತ್ತದೆ. ಒಣಗಿದ ಎಲೆಯೊಂದು ಗಾಜಿಗೆ ತಿಂಗಳುಗಟ್ಟಲೆ ಅಂಟಿಕೊಂಡಿದ್ದ ಕಡೆ ಫಲಕ ಕಂದಿ ಹೋಗುವುದು ಇದೇ ಕಾರಣಕ್ಕೆ.

ಇದನ್ನು ತಡೆಯಲೆಂದೇ ಪ್ರತಿ 20 ಕೋಶಗಳ ಗುಂಪಿಗೆ ಒಂದು ಬೈಪಾಸ್ ಡಯೋಡ್ ಇಡುತ್ತಾರೆ. ಮುಖ್ಯ ರಸ್ತೆಯಲ್ಲಿ ಗಾಡಿ ಕೆಟ್ಟು ನಿಂತರೆ ತೆರೆದುಕೊಳ್ಳುವ ಅಡ್ಡದಾರಿ ಅದು. ಕೆಟ್ಟ ಗುಂಪನ್ನು ಬಿಟ್ಟು ವಿದ್ಯುತ್ ಮುಂದೆ ಹರಿಯುತ್ತದೆ. ಫಲಕದ ಮೂರನೇ ಒಂದು ಪಾಲು ಹೋಯಿತು, ಉಳಿದದ್ದು ಉಳಿಯಿತು. ಆದರೆ ನನ್ನ ಸ್ನೇಹಿತರ ತಾರಸಿಯಲ್ಲಿ ಫಲಕಗಳು ನೆಟ್ಟಗೆ ನಿಂತಿದ್ದವು. ಮೂರು ಗುಂಪುಗಳ ಕಾಲುಗಳೂ ಕೆಳ ಅಂಚಿನಲ್ಲೇ ಇದ್ದವು. ನೆರಳು ಮೂರರ ಕಾಲನ್ನೂ ಒಟ್ಟಿಗೆ ಹಿಡಿಯಿತು. ಯಾವ ಅಡ್ಡದಾರಿಯೂ ಉಪಯೋಗಕ್ಕೆ ಬರಲಿಲ್ಲ. ಅದೇ ಫಲಕಗಳನ್ನು ಅಡ್ಡಲಾಗಿ ಮಲಗಿಸಿದ್ದರೆ ನೆರಳಿಗೆ ಸಿಗುತ್ತಿದ್ದುದು ಒಂದೊಂದರಲ್ಲಿ ಒಂದೇ ಗುಂಪು. ಹೊಸ ಫಲಕಗಳಲ್ಲಿ ಕೋಶಗಳನ್ನು ಅರ್ಧಕ್ಕೆ ಸೀಳಿ, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಒಂದರ ಹಂಗಿಲ್ಲದೆ ಇನ್ನೊಂದು ದುಡಿಯುವಂತೆ ಜೋಡಿಸುತ್ತಾರೆ. ಅಲ್ಲಿ ನಷ್ಟ ಕಡಿಮೆ, ಆದರೆ ಇಲ್ಲವೆಂದಲ್ಲ.

ಇನ್ನು ಗಿಟ್ಟುವ ಪ್ರಶ್ನೆ. ಹಣದ ಲೆಕ್ಕ ದೇಶದಿಂದ ದೇಶಕ್ಕೆ, ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಆದ್ದರಿಂದ ನಾನು ಬೆಲೆಯನ್ನು ಯೂನಿಟ್‌ಗಳಲ್ಲಿ ಅಳೆಯುತ್ತೇನೆ. ಒಂದು ಕಿಲೋವ್ಯಾಟ್ ಸಾಮರ್ಥ್ಯದ ಫಲಕಗಳಿಗೆ ತಗಲುವ ಒಟ್ಟು ಖರ್ಚನ್ನು ನೀವು ಈಗ ಒಂದು ಯೂನಿಟ್‌ಗೆ ಕೊಡುತ್ತಿರುವ ದರದಿಂದ ಭಾಗಿಸಿ. ಬಂದ ಉತ್ತರ 8,400 ಯೂನಿಟ್ ಎಂದಿಟ್ಟುಕೊಳ್ಳೋಣ. ಬಿಸಿಲು ಚೆನ್ನಾಗಿರುವ ನಾಡಿನಲ್ಲಿ ಒಂದು ಕಿಲೋವ್ಯಾಟ್ ವರ್ಷಕ್ಕೆ ಸುಮಾರು 1,400 ಯೂನಿಟ್ ಕೊಡುತ್ತದೆ. ಆರು ವರ್ಷಕ್ಕೆ ಅಸಲು ತೀರಿತು. ಜರ್ಮನಿಯಂತಹ ಮೋಡದ ನಾಡಿನಲ್ಲಿ 1,000ದ ಆಸುಪಾಸು ಸಿಗುವುದರಿಂದ ಎಂಟು ವರ್ಷ ದಾಟುತ್ತದೆ. ಫಲಕ 25 ವರ್ಷ ಬಾಳುತ್ತದೆ, ವರ್ಷಕ್ಕೆ ಶೇಕಡಾ ಅರ್ಧದಷ್ಟು ಸೊರಗುತ್ತ. ನಡುವೆ ಒಮ್ಮೆ ಇನ್ವರ್ಟರ್ ಬದಲಿಸುವ ಖರ್ಚು ಇದ್ದೇ ಇದೆ, ಅದನ್ನು ಮೊದಲೇ ಲೆಕ್ಕಕ್ಕೆ ಹಿಡಿಯಿರಿ.

ಸರ್ಕಾರ ಖರ್ಚಿನ ಮೂರನೇ ಒಂದು ಪಾಲು ಕೊಟ್ಟಿತೆನ್ನಿ. 8,400 ಹೋಗಿ 5,600 ಆಯಿತು, ಆರು ವರ್ಷ ನಾಲ್ಕಕ್ಕಿಳಿಯಿತು. ಆದರೆ ನೆರಳು ವರ್ಷದ ಉತ್ಪಾದನೆಯ ಕಾಲುಭಾಗ ತಿಂದರೆ 1,400ರ ಬದಲು 1,050 ಸಿಗುತ್ತದೆ. ನಾಲ್ಕು ವರ್ಷ ಮತ್ತೆ ಐದು ವರ್ಷ ನಾಲ್ಕು ತಿಂಗಳಾಗುತ್ತದೆ. ಸಹಾಯಧನ ಉಳಿಸಿಕೊಟ್ಟ ಎರಡು ವರ್ಷದಲ್ಲಿ ಹದಿನಾರು ತಿಂಗಳನ್ನು ನೆರಳು ಕಿತ್ತುಕೊಂಡಿತು. ಸರ್ಕಾರ ಕೊಡುವುದು ಒಮ್ಮೆ. ನೆರಳು ಕೀಳುವುದು ಇಪ್ಪತ್ತೈದು ವರ್ಷ.

ಇನ್ನೊಂದು ಸಂಗತಿಯನ್ನು ಇದಕ್ಕಿಂತ ಗಟ್ಟಿಯಾಗಿ ಹೇಳಬೇಕಿದೆ. ಹಗಲಿನಲ್ಲಿ ನೀವು ಬಳಸದೆ ಉಳಿದ ವಿದ್ಯುತ್ತು ಊರಿನ ವಿದ್ಯುತ್ ಜಾಲಕ್ಕೆ ಹೋಗುತ್ತದೆ. ಕೊಟ್ಟ ಯೂನಿಟ್‌ಗೆ ಪಡೆದ ಯೂನಿಟ್ ಸಮ ಎಂದು ಲೆಕ್ಕ ಹಿಡಿಯುವುದು ನೆಟ್ ಮೀಟರಿಂಗ್. ಈ ಪದ್ಧತಿ ಇರುವ ಕಡೆ ಜಾಲವೇ ನಿಮ್ಮ ಕಣಜ. ಬೇರೆ ಕಡೆ ಕೊಟ್ಟದ್ದಕ್ಕೆ ಸಿಗುವ ದರ ತೀರಾ ಕಡಿಮೆ. ಅದು ಮೂರನೇ ಒಂದು ಪಾಲಾಗಿದ್ದು, ಅರ್ಧ ನೀವು ಬಳಸಿ ಅರ್ಧ ಜಾಲಕ್ಕೆ ಬಿಟ್ಟರೆ, ಮೇಲಿನ ನಾಲ್ಕು ವರ್ಷ ಮತ್ತೆ ಆರಾಗುತ್ತದೆ. ನೆರಳಿಲ್ಲದ ತಾರಸಿಯಲ್ಲೂ ಸಹಾಯಧನದ ಲಾಭ ಪೂರ್ತಿ ಕರಗಿತು! ಬಟ್ಟೆ ಒಗೆಯುವ ಯಂತ್ರ, ನೀರಿನ ಪಂಪು, ಬ್ಯಾಟರಿ ವಾಹನದ ಚಾರ್ಜಿಂಗ್ ಇವೆಲ್ಲವನ್ನೂ ಹನ್ನೊಂದರಿಂದ ಮೂರರ ನಡುವೆ ತಂದರೆ ಅದರಲ್ಲಿ ಬಹುಪಾಲು ಮರಳಿ ಸಿಗುತ್ತದೆ. ಬಳಕೆ ಹೆಚ್ಚಾದಂತೆ ದರ ಏರುವ ಕಡೆ ಇನ್ನೂ ಒಂದು ಮಾತಿದೆ. ಫಲಕ ಮೊದಲು ಉಳಿಸುವುದು ನಿಮ್ಮ ಅತಿ ದುಬಾರಿ ಯೂನಿಟ್‌ಗಳನ್ನು. ಹೆಚ್ಚು ಬಳಸುವವರಿಗೆ ಬೇಗ ಗಿಟ್ಟುತ್ತದೆ. ತಿಂಗಳಿಗೆ ನಲವತ್ತೋ ಐವತ್ತೋ ಯೂನಿಟ್ ಬಳಸಿ ಅಗ್ಗದ ದರ ಕೊಡುವ ಪುಟ್ಟ ಮನೆಯವರಿಗೆ ಗಿಟ್ಟುವುದು ಕಷ್ಟ. ಅವರನ್ನು ಮಾತಿನಲ್ಲಿ ಮರುಳು ಮಾಡಿ ಸಾಲ ಮಾಡಿಸುವುದು ಅನ್ಯಾಯ.

ಹಾಗಾದರೆ ಸರ್ಕಾರಗಳು ಯಾಕೆ ಕೊಡುತ್ತವೆ? ಸೌರ ಫಲಕಗಳ ಒಟ್ಟು ಉತ್ಪಾದನೆ ಎರಡು ಪಟ್ಟಾದಾಗಲೆಲ್ಲ ಬೆಲೆ ಸುಮಾರು ಐದನೇ ಒಂದು ಪಾಲು ಇಳಿಯುತ್ತ ಬಂದಿದೆ. ಮಾಡುತ್ತ ಮಾಡುತ್ತ ಕೈ ಪಳಗುತ್ತದೆ ಎಂಬುದರ ಕಾರ್ಖಾನೆ ರೂಪ ಇದು. ಆದರೆ ಮೊದಲ ದುಬಾರಿ ಫಲಕಗಳನ್ನು ಕೊಳ್ಳುವವರು ಯಾರು? ಜಪಾನ್ 1994ರಲ್ಲಿ ಮನೆಗಳಿಗೆ ಸಹಾಯಧನ ಕೊಡಲು ತೊಡಗಿತು. ಜರ್ಮನಿಯ 2000ದ ಕಾನೂನು, ಜಾಲಕ್ಕೆ ಕೊಟ್ಟ ಪ್ರತಿ ಯೂನಿಟ್‌ಗೂ 20 ವರ್ಷ ನಿಗದಿತ ಬೆಲೆಯ ಭರವಸೆ ಕೊಟ್ಟಿತು. ಆ ಭಾರವನ್ನು ಹೊತ್ತವರು ಅಲ್ಲಿಯ ವಿದ್ಯುತ್ ಗ್ರಾಹಕರು. ಆ ಬೇಡಿಕೆಯನ್ನು ನಂಬಿ ಚೀನಾದಲ್ಲಿ ಕಾರ್ಖಾನೆಗಳು ಎದ್ದವು. 1970ರ ದಶಕದ ಮಧ್ಯದಿಂದ 2019ರವರೆಗೆ ಫಲಕದ ಬೆಲೆ ವ್ಯಾಟ್‌ಗೆ ಶೇಕಡಾ 99ಕ್ಕೂ ಹೆಚ್ಚು ಕುಸಿಯಿತು. ಸಾರ್ವಜನಿಕ ಹಣ ಇಷ್ಟು ಚೆನ್ನಾಗಿ ಫಲ ಕೊಟ್ಟ ಉದಾಹರಣೆಗಳು ತೀರಾ ವಿರಳವೆಂದು ನಾನು ನಂಬಿದ್ದೇನೆ.

ಹಾಗೆಂದು ಆ ಹಣ ನಾಳೆಯೂ ಇರುತ್ತದೆ ಎಂದು ಮನೆಯ ಲೆಕ್ಕ ಹಾಕಬಾರದು. ಸ್ಪೇನ್ ಆಕರ್ಷಕ ದರ ಕೊಟ್ಟು, 2008ರಲ್ಲಿ ಫಲಕಗಳ ಪ್ರವಾಹವೇ ಬಂದ ಮೇಲೆ, ಹಳೆಯ ಘಟಕಗಳಿಗೆ ಒಪ್ಪಿದ್ದ ದರವನ್ನೂ ಕಡಿಯಿತು. ಮಧ್ಯಾಹ್ನ ವಿದ್ಯುತ್ ಉಕ್ಕಿ ಸಂಜೆ ಕೊರತೆಯಾಗುವ ಕ್ಯಾಲಿಫೋರ್ನಿಯಾ, 2023ರ ಏಪ್ರಿಲ್‌ನಿಂದ ಹೊಸದಾಗಿ ಸೇರುವ ಮನೆಗಳಿಗೆ ಸಮಕ್ಕೆ ಸಮ ಲೆಕ್ಕವನ್ನು ನಿಲ್ಲಿಸಿತು. ಅಮೆರಿಕದಲ್ಲಿ ಮನೆಯ ಫಲಕಗಳಿಗೆ ಇದ್ದ ಶೇಕಡಾ 30ರ ತೆರಿಗೆ ರಿಯಾಯಿತಿ 2032ರವರೆಗೆ ಇರುತ್ತದೆಂದು 2022ರ ಕಾನೂನು ಹೇಳಿತ್ತು. 2025ರ ಜುಲೈನ ಹೊಸ ಕಾನೂನು ಅದನ್ನು ಅದೇ ಡಿಸೆಂಬರ್ 31ಕ್ಕೆ ಮುಗಿಸಿತು. ಕೈಗೆ ಬಂದ ಸಹಾಯಧನ ನಿಮ್ಮದು. ಮುಂದಿನ ಇಪ್ಪತ್ತು ವರ್ಷದ ಮಾರಾಟ ದರ ಲಿಖಿತ ಒಪ್ಪಂದದಲ್ಲಿದ್ದರೆ ಮಾತ್ರ ಲೆಕ್ಕಕ್ಕೆ ಸೇರಿಸಿ. ಅದಿಲ್ಲದೆಯೂ ಹತ್ತು ವರ್ಷದೊಳಗೆ ಅಸಲು ಬರುವಂತಿದ್ದರೆ, ಅಷ್ಟು ವರ್ಷ ಆ ಮನೆಯಲ್ಲಿ ಇರುವವರಾದರೆ, ಧೈರ್ಯವಾಗಿ ಹಾಕಿಸಿ ಎಂಬುದು ನನ್ನ ಸಲಹೆ.

ಫಲಕ ತಯಾರಿಸಲು ಹಿಡಿಯುವಷ್ಟು ಶಕ್ತಿಯನ್ನು ಅದು ಜೀವಮಾನದಲ್ಲಿ ಕೊಡುವುದಿಲ್ಲ ಎಂಬ ಮಾತು ಇನ್ನೂ ಓಡಾಡುತ್ತಿದೆ. ಅದು ಸುಳ್ಳು. ಆ ಶಕ್ತಿ ಒಂದೆರಡು ವರ್ಷದಲ್ಲಿ ಮರಳುತ್ತದೆ. ಫಲಕವಿದ್ದರೆ ಕರೆಂಟು ಹೋದಾಗಲೂ ದೀಪ ಉರಿಯುತ್ತದೆ ಎಂಬುದು ಇನ್ನೊಂದು ಭ್ರಮೆ. ಜಾಲಕ್ಕೆ ಜೋಡಿಸಿದ ಸಾಮಾನ್ಯ ಇನ್ವರ್ಟರ್ ಕರೆಂಟು ಹೋದ ಕ್ಷಣವೇ ತಾನೂ ನಿಲ್ಲುತ್ತದೆ. ಕಂಬ ಹತ್ತಿ ತಂತಿ ಮುಟ್ಟುವ ಲೈನ್‌ಮನ್‌ನ ಜೀವ ಉಳಿಯಲೆಂದೇ ಆ ಏರ್ಪಾಡು. ಕತ್ತಲಲ್ಲೂ ಬೆಳಕು ಬೇಕೆಂದರೆ ಬ್ಯಾಟರಿ ಮತ್ತು ಅದಕ್ಕೆ ತಕ್ಕ ಇನ್ವರ್ಟರ್ ಬೇಕು. ಅದರ ಖರ್ಚು ಬೇರೆ, ಲೆಕ್ಕವೂ ಬೇರೆ.

ಸ್ನೇಹಿತರು ಮರುವಾರವೇ ವೆಲ್ಡಿಂಗ್ ಮಾಡುವವರನ್ನು ಕರೆಸಿ ಫಲಕಗಳ ಕಬ್ಬಿಣದ ಕಾಲುಗಳನ್ನು ಒಂದು ಗೇಣು ಎತ್ತರಿಸಿದರು, ಬುಡವನ್ನು ಗಾಳಿಗೆ ಅಲುಗದಂತೆ ಮತ್ತೆ ಭದ್ರಪಡಿಸಿದರು. ಮುಂದಿನ ಚಳಿಗಾಲದಲ್ಲಿ ಅದೇ ಹತ್ತು ಗಂಟೆಗೆ ನಾನು ಮತ್ತೆ ತಾರಸಿ ಹತ್ತಿದೆ. ಅಡ್ಡಗೋಡೆಯ ನೆರಳು ಕಬ್ಬಿಣದ ಕಾಲುಗಳವರೆಗೆ ಬಂದು ಅಲ್ಲೇ ನಿಂತಿತ್ತು. ಕೆಳಗೆ ಪಂಪು ಓಡುತ್ತಿತ್ತು, ಪರದೆಯಲ್ಲಿ 1,580 ಇತ್ತು.