ಟ್ರೈಲರ್‌ನಲ್ಲಿ ಹೆದರಿಸಿದ ಸಿನಿಮಾ ಇಂಟರ್ವಲ್ ಆದಮೇಲೆ ಯಾಕೆ ಸಪ್ಪೆ?

ಪ್ರಶ್ನೆ: ಸಣ್ಣ ಬಜೆಟ್ಟಿನ ಸೈಕಲಾಜಿಕಲ್ ಹಾರರ್ ಸಿನಿಮಾ ಬಂದರೆ ನಾನು ಬಿಡುವುದಿಲ್ಲ. ಟ್ರೈಲರ್ ಜೋರಾಗಿರುತ್ತೆ, ಇಂಟರ್ವಲ್‌ವರೆಗೂ ಪರವಾಗಿಲ್ಲ, ಆಮೇಲೆ ಬರೀ ಆಕಳಿಕೆ. ದುಡ್ಡಿಲ್ಲದ್ದೇ ಕಾರಣವಾ? (ಮಂಡ್ಯದ ಓದುಗರೊಬ್ಬರು)

ಉತ್ತರ: ಅಲ್ಲ. ದುಡ್ಡು ಕಮ್ಮಿ ಇರುವುದು ಈ ಜಾತಿಯ ಸಿನಿಮಾಕ್ಕೆ ಅಂಥ ತೊಂದರೆಯೇ ಅಲ್ಲ. ಕಾರ್ ಚೇಸ್ ಬೇಡ, ಫಾರಿನ್ ಹಾಡು ಬೇಡ. ಒಂದು ಮನೆ, ಮೂರ್ನಾಲ್ಕು ಜನ ಸಾಕು. 'ಪ್ಯಾರಾನಾರ್ಮಲ್ ಆಕ್ಟಿವಿಟಿ' ಅನ್ನುವ ಇಂಗ್ಲಿಷ್ ಸಿನಿಮಾವನ್ನೇ ತಗೊಳ್ಳಿ. 2007ರಲ್ಲಿ ಮೊದಲು ಪ್ರದರ್ಶನ ಕಂಡ ಈ ಸಿನಿಮಾವನ್ನು ನಿರ್ದೇಶಕ ಓರೆನ್ ಪೆಲಿ ತನ್ನ ಸ್ವಂತ ಮನೆಯಲ್ಲೇ ಸುಮಾರು 15 ಸಾವಿರ ಡಾಲರ್‌ನಲ್ಲಿ ಚಿತ್ರೀಕರಿಸಿದ. ಅದರಲ್ಲಿ ಹೆದರಿಸುವುದು ಏನು ಗೊತ್ತಾ? ಮಲಗುವ ಕೋಣೆಯಲ್ಲಿ ಸುಮ್ನೆ ನಿಲ್ಲಿಸಿಟ್ಟ ಒಂದು ಕ್ಯಾಮೆರಾ. ಇಬ್ಬರು ಮಲಗಿದ್ದಾರೆ, ಪಕ್ಕದಲ್ಲಿ ಬಾಗಿಲು ತೆರೆದಿದೆ, ಪರದೆಯ ಮೂಲೆಯಲ್ಲಿ ಗಂಟೆ ನಿಮಿಷದ ಅಂಕಿ ಓಡುತ್ತಿದೆ. ಬಾಗಿಲು ಒಂಚೂರು ಅಲ್ಲಾಡುತ್ತದೆ, ಅಷ್ಟೇ. ಕ್ಯಾಮೆರಾ ತಿರುಗುವುದಿಲ್ಲ, ಹಿನ್ನೆಲೆ ಸಂಗೀತ ಇಲ್ಲ, ಎಲ್ಲಿ ನೋಡಬೇಕು ಅಂತ ಯಾರೂ ಹೇಳಿಕೊಡುವುದಿಲ್ಲ, ಹಾಗಾಗಿ ನಾವೇ ಪರದೆ ತುಂಬಾ ಹುಡುಕುತ್ತಾ ಕೂರುತ್ತೇವೆ. ರಾತ್ರಿ ಹೊತ್ತು ಗದ್ದೆಗೆ ನೀರು ಕಟ್ಟಲು ಹೋದ ಮಂಡ್ಯದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಕಬ್ಬಿನೊಳಗೆ ಸರಸರ ಅಂದರೆ ಸಾಕು, ಚಿರತೆ ಕಾಣಿಸಬೇಕಾಗಿಯೇ ಇಲ್ಲ.

ಆ ಸಿನಿಮಾ ಇರುವುದು 86 ನಿಮಿಷ. ನಮ್ಮಲ್ಲಿ ಅಷ್ಟೇ ಕಥೆಯನ್ನು ಎರಡೂ ಕಾಲು ಗಂಟೆಗೆ ಎಳೆಯುತ್ತಾರೆ. ಅದಕ್ಕೆ ಒಂದು ಲವ್ ಸಾಂಗು, ವಾಚ್‌ಮನ್‌ನ ಕಾಮಿಡಿ ಟ್ರ್ಯಾಕು, ಇಂಟರ್ವಲ್ ಕಾರ್ಡಿಗೆ ಮುಂಚೆ ಒಂದು ಕಿರುಚಾಟ. ಭಯ ನಿಧಾನಕ್ಕೆ ಏರುವಂಥದ್ದು. ಕಾಮಿಡಿ ಬಂದ ಕೂಡಲೇ ಇಳಿದುಹೋಗುತ್ತದೆ, ಮತ್ತೆ ಮೊದಲಿಂದ ಏರಿಸಬೇಕು. ಅಷ್ಟು ಪುರುಸೊತ್ತು ಯಾರಿಗಿದೆ, ಢಂ ಅಂತ ಒಂದು ಸದ್ದು ಹಾಕಿ ಮುಂದೆ ಹೋಗುತ್ತಾರೆ. ಟ್ರೈಲರ್ ಚೆನ್ನಾಗಿ ಕಾಣುವುದೂ ಇದಕ್ಕೇ. ಇರುವ ಎಲ್ಲಾ ಢಂಗಳೂ ಅದರಲ್ಲೇ ಮುಗಿದಿರುತ್ತವೆ.

ಸದ್ದಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಉಳಿತಾಯ ಮಾಡಲು ಹೋಗಿ ಕೆಡಿಸಿಕೊಳ್ಳುವುದು ಇಲ್ಲೇ. ನಮ್ಮ ಬಹಳಷ್ಟು ಸಿನಿಮಾಗಳಲ್ಲಿ ಮಾತನ್ನು ಆಮೇಲೆ ಸ್ಟುಡಿಯೋದಲ್ಲಿ ಡಬ್ ಮಾಡುತ್ತಾರೆ. ಶೂಟಿಂಗ್ ಜಾಗದ ಸದ್ದು ಅಲ್ಲೇ ಉಳಿದುಹೋಗುತ್ತದೆ, ಹೆಜ್ಜೆ, ಬಾಗಿಲು, ಪಾತ್ರೆ, ಸೀರೆಯ ಸರಬರ ಎಲ್ಲವನ್ನೂ ಹೊಸದಾಗಿ ಮಾಡಿ ಸೇರಿಸಬೇಕು. ಇದಕ್ಕೆ ಫೋಲಿ ಅಂತಾರೆ. ತಾಳ್ಮೆಯ ಕೆಲಸ, ಬರುವುದು ಕೊನೆಯಲ್ಲಿ, ಅಷ್ಟು ಹೊತ್ತಿಗೆ ಕೈ ಖಾಲಿ. ರೆಡಿಮೇಡ್ ಸದ್ದು ತಂದು ಅಂಟಿಸುತ್ತಾರೆ. ಮೈಸೂರಿನ ಯಾವುದೋ ಹಳೇ ಮನೆ, ಕೆಂಪು ರೆಡ್ ಆಕ್ಸೈಡ್ ನೆಲ, ನಾಯಕಿ ಬರಿಗಾಲಲ್ಲಿ ನಡೆಯುತ್ತಾಳೆ, ಕೇಳುವುದು ಮಾತ್ರ ಮರದ ಹಲಗೆ ಮೇಲೆ ಬೂಟು! ಖಾಲಿ ಮನೆ ಅಂದರೆ ಸದ್ದೇ ಇಲ್ಲದ ಮನೆ ಅಂದುಕೊಂಡುಬಿಟ್ಟಿದ್ದಾರೆ. ಫ್ಯಾನಿನ ಟಕ್ ಟಕ್, ಹಲ್ಲಿಯ ಲೊಚಲೊಚ, ಪಕ್ಕದ ಮನೆಯ ಮೋಟರು ಇರಬೇಕು. ಇದ್ದದ್ದು ಥಟ್ಟನೆ ನಿಂತಾಗಲೇ ಮೈ ಜುಂ ಅನ್ನುವುದು. ಚಾಮುಂಡಿ ಬೆಟ್ಟದ ಡ್ರೋನ್ ಶಾಟಿಗೆ ಇವರ ಹತ್ತಿರ ದುಡ್ಡಿರುತ್ತೆ, ಇದಕ್ಕಿರುವುದಿಲ್ಲ.

ಕೊನೆಗೆ ಡಾಕ್ಟರು ಬರುತ್ತಾರೆ. ಕನ್ನಡಕ ಒರೆಸಿಕೊಂಡು 'ಇದು ದೆವ್ವ ಅಲ್ಲ, ಸ್ಪ್ಲಿಟ್ ಪರ್ಸನಾಲಿಟಿ' ಅಂತ ಹತ್ತು ನಿಮಿಷ ಪಾಠ. ಕೆಲವರು ಅದಕ್ಕೆ ಸ್ಕಿಜೋಫ್ರೀನಿಯಾ ಅಂತ ಹೆಸರಿಡುತ್ತಾರೆ, ಅದಂತೂ ಪೂರ್ತಿ ತಪ್ಪು. ಆ ಕಾಯಿಲೆಯಲ್ಲಿ ಒಬ್ಬರೊಳಗೆ ಇಬ್ಬರು ಇರುವುದಿಲ್ಲ. ಇಲ್ಲದ ದನಿ ಕೇಳಿಸಬಹುದು, ಯಾರೋ ತನಗೆ ಕೇಡು ಮಾಡುತ್ತಿದ್ದಾರೆ ಅಂತ ಗಟ್ಟಿಯಾಗಿ ಅನ್ನಿಸಬಹುದು. 2004ರ 'ಆಪ್ತಮಿತ್ರ'ದಲ್ಲೂ ಡಾಕ್ಟರು ವಿವರಿಸುತ್ತಾರೆ, ಆದರೆ ಬೀಗ ಹಾಕಿದ ಕೋಣೆಯ ಕಡೆಗೆ ನಾಯಕಿ ಗಂಗಾಳ ಸೆಳೆತವನ್ನು ಮೊದಲೇ ತೋರಿಸಿರುವುದರಿಂದ ನಮಗೆ ಮೋಸ ಅನ್ನಿಸುವುದಿಲ್ಲ. ಸುಳಿವೇ ಕೊಡದೆ ಕೊನೆಯಲ್ಲಿ ತಂದರೆ ಅದು ಸೈಕಾಲಜಿ ಅಲ್ಲ, ಸೋಮಾರಿತನ. ಮನಸ್ಸಿನ ಕಥೆ ಬೇಕಾದರೆ ದೂರ ಹೋಗಬೇಕಾಗಿಲ್ಲ, ಮನಃಶಾಸ್ತ್ರ ಓದಿದ ತ್ರಿವೇಣಿ ನಮ್ಮ ಮೈಸೂರಿನವರೇ. ಅವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ ಮಾಡಿದ 'ಶರಪಂಜರ'ದಲ್ಲಿ ದೆವ್ವವೂ ಇಲ್ಲ, ಡ್ರೋನೂ ಇಲ್ಲ. ಗುಣವಾಗಿ ಮನೆಗೆ ಬಂದ ಕಾವೇರಿಯನ್ನು ಸುತ್ತಲಿನವರು ಅನುಮಾನದಿಂದ ನೋಡುವ ನೋಟವೇ ಸಾಕು, ನನಗೆ ಅದು ಯಾವ ಹಾರರ್‌ಗಿಂತಲೂ ಜಾಸ್ತಿ ಭಯ.

ಟಿಕೆಟ್ ತಗೊಳ್ಳುವ ಮುಂಚೆ ನಾನು ನೋಡುವುದು ಎಷ್ಟು ಹೊತ್ತಿನ ಸಿನಿಮಾ ಅನ್ನುವುದೊಂದನ್ನೇ. ಎರಡು ಗಂಟೆ ದಾಟಿದ್ದರೆ ಬಿಟ್ಟುಬಿಡುತ್ತೇನೆ. ಹೋಗುವುದಾದರೆ ವಾರದ ಮಧ್ಯೆ ಸೆಕೆಂಡ್ ಶೋಗೆ ಹೋಗಿ, ಶಿಳ್ಳೆ ಕಾಟ ಇರುವುದಿಲ್ಲ. ಮನೆಯಲ್ಲೇ ನೋಡುತ್ತೀರಾ, ಲೈಟ್ ಆರಿಸಿ ಹೆಡ್‌ಫೋನ್ ಹಾಕಿಕೊಳ್ಳಿ. ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿಕೊಂಡು ನೋಡಿ ಆಮೇಲೆ ಭಯ ಆಗಲಿಲ್ಲ ಅಂತ ನಿರ್ದೇಶಕರಿಗೆ ಬೈಯಬೇಡಿ.