ವೀಟೋ ಬಿದ್ದ ದಿನ ಗೆಳೆಯರ ಮತ ನೋಡಿ

ವಿಶ್ವಸಂಸ್ಥೆಯ ಭದ್ರತಾ ಮಂಡಳಿಯಲ್ಲಿ ವೀಟೋ ಬಿತ್ತು ಅಂದ ಕೂಡಲೇ ಸುದ್ದಿಯ ತಲೆಬರಹದಲ್ಲಿ ಕಾಣುವುದು ವೀಟೋ ಹಾಕಿದ ದೇಶದ ಹೆಸರು. ಅಂತರರಾಷ್ಟ್ರೀಯ ರಾಜಕೀಯ ಪಾಠ ಮಾಡುವ ನಾನು, ಆ ಹೆಸರನ್ನು ಕೊನೆಗೆ ನೋಡಿ ಅಂತ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ತಾನೇ ನಡೆಸುತ್ತಿರುವ ಯುದ್ಧವನ್ನು ಖಂಡಿಸುವ ನಿರ್ಣಯಕ್ಕೆ ರಷ್ಯಾ ವೀಟೋ ಹಾಕಿದರೆ ಅದರಲ್ಲಿ ಹೊಸದೇನಿದೆ? ಯಾವಾಗಲೂ ಜೊತೆಗೆ ನಿಲ್ಲುವ ಗೆಳೆಯ ದೇಶಗಳು ಆ ದಿನ ಕೈ ಎತ್ತಿದವೋ ಇಲ್ಲವೋ, ಅಲ್ಲಿ ವಿಷಯ ಇರುತ್ತದೆ.

ನಿಯಮ ದೊಡ್ಡದೇನಲ್ಲ. 15 ಸದಸ್ಯರಲ್ಲಿ 9 ಮಂದಿ ಪರವಾಗಿರಬೇಕು, ಐದು ಖಾಯಂ ಸದಸ್ಯರಲ್ಲಿ (ಅಮೆರಿಕ, ರಷ್ಯಾ, ಚೀನಾ, ಬ್ರಿಟನ್, ಫ್ರಾನ್ಸ್) ಯಾರೂ ವಿರುದ್ಧ ಮತ ಹಾಕಬಾರದು. ಹಾಕಿದರೆ ಅದೇ ವೀಟೋ. ವಿಶ್ವಸಂಸ್ಥೆ ಸನ್ನದಿನ 27ನೇ ವಿಧಿಯನ್ನು ಅಕ್ಷರಶಃ ಓದಿದರೆ ಐವರ ಒಪ್ಪಿಗೆಯ ಮತವೂ ಬೇಕು ಅನ್ನಿಸುತ್ತದೆ. ರೂಢಿ ಮಾತ್ರ ಬೇರೆ. ಖಾಯಂ ಸದಸ್ಯ ಸುಮ್ನೆ ತಟಸ್ಥ ಉಳಿದರೆ ಅದು ವೀಟೋ ಅಲ್ಲ. 1971ರಲ್ಲಿ ನಮೀಬಿಯಾ ವಿಷಯದಲ್ಲಿ ಅಭಿಪ್ರಾಯ ಕೊಡುವಾಗ ಅಂತರರಾಷ್ಟ್ರೀಯ ನ್ಯಾಯಾಲಯ ಕೂಡ ಈ ರೂಢಿಯನ್ನು ಒಪ್ಪಿತು. ಇನ್ನೊಂದು ಮಾತು: ಕಲಾಪಕ್ಕೆ, ಅಂದರೆ ಸಭೆ ನಡೆಸುವ ಕ್ರಮಕ್ಕೆ ಸಂಬಂಧಿಸಿದ ಮತದಾನದಲ್ಲಿ ವೀಟೋ ನಡೆಯುವುದಿಲ್ಲ. ಈ ಸಣ್ಣ ಕಿಂಡಿಯಲ್ಲೇ 1956ರಲ್ಲಿ ಎರಡು ದೊಡ್ಡ ದೇಶಗಳು ಸಿಕ್ಕಿಬಿದ್ದವು.

ಆ ವರ್ಷ ಸೂಯೆಜ್ ಕಾಲುವೆಗಾಗಿ ಈಜಿಪ್ಟ್ ಮೇಲೆ ದಾಳಿ ಮಾಡಲು ಬ್ರಿಟನ್, ಫ್ರಾನ್ಸ್, ಇಸ್ರೇಲ್ ಮೂರೂ ಗುಟ್ಟಾಗಿ ಒಪ್ಪಂದ ಮಾಡಿಕೊಂಡವು. ಅಮೆರಿಕಕ್ಕೆ ಹೇಳಲಿಲ್ಲ. ಅಕ್ಟೋಬರ್ 29ರಂದು ಇಸ್ರೇಲ್ ಈಜಿಪ್ಟಿನೊಳಗೆ ನುಗ್ಗಿತು. ಮರುದಿನವೇ ಅಮೆರಿಕ ಮಂಡಳಿಗೆ ಕರಡು ನಿರ್ಣಯ ತಂದಿತು: ಇಸ್ರೇಲ್ ಹಿಂದೆ ಸರಿಯಲಿ, ಬೇರೆ ಯಾರೂ ಬಲ ಬಳಸಬಾರದು. ಶೀತಲ ಸಮರದ ನಡುವೆ ಸೋವಿಯತ್ ಒಕ್ಕೂಟ ಅಮೆರಿಕದ ಪರ ಮತ ಹಾಕಿತು, ಬ್ರಿಟನ್ ಮತ್ತು ಫ್ರಾನ್ಸ್ ವೀಟೋ ಹಾಕಿದವು. ಬ್ರಿಟನ್ ವೀಟೋ ಬಳಸಿದ್ದು ಅದೇ ಮೊದಲು, ಅದೂ ತನ್ನ ಅತಿ ಹತ್ತಿರದ ಗೆಳೆಯನ ಕರಡಿಗೆ! ಆಗ ಯುಗೊಸ್ಲಾವಿಯಾ ಒಂದು ದಾರಿ ತೋರಿಸಿತು. ವಿಷಯವನ್ನು ಸಾಮಾನ್ಯ ಸಭೆಯ ತುರ್ತು ಅಧಿವೇಶನಕ್ಕೆ ಕಳಿಸೋಣ ಅಂದಿತು. ಅದು ಕಲಾಪದ ವಿಷಯ, ಹಾಗಾಗಿ ಎರಡು ವಿರೋಧ ಮತ ಬಿದ್ದರೂ ಪಾಸಾಯಿತು. ಈ ಬಾಗಿಲನ್ನು ಮಾಡಿಸಿದ್ದೇ ಅಮೆರಿಕ. ಸೋವಿಯತ್ ವೀಟೋವನ್ನು ದಾಟಲು 1950ರಲ್ಲಿ ಈ ವ್ಯವಸ್ಥೆ ತಂದಾಗ ಬ್ರಿಟನ್, ಫ್ರಾನ್ಸ್ ಎರಡೂ ಬೆಂಬಲಿಸಿದ್ದವು.

ಆಮೇಲೆ ಒತ್ತಡ ಬಂದಿದ್ದು ಹಣದ ಕಡೆಯಿಂದ. ಪೌಂಡ್ ಕುಸಿಯುತ್ತಿತ್ತು, ಬ್ರಿಟನ್ನಿಗೆ ಬೇಕಿದ್ದ ಐಎಂಎಫ್ (ಅಂತರರಾಷ್ಟ್ರೀಯ ಹಣಕಾಸು ನಿಧಿ) ಸಾಲಕ್ಕೆ ಅಮೆರಿಕ ಅಡ್ಡ ನಿಂತಿತು. ನವೆಂಬರ್ 6ರ ಮಧ್ಯರಾತ್ರಿಗೆ ಕದನ ವಿರಾಮ. ಮುಂದಿನ ಜನವರಿಯಲ್ಲಿ ಬ್ರಿಟನ್ ಪ್ರಧಾನಿ ಈಡನ್ ರಾಜೀನಾಮೆ ಕೊಟ್ಟರು. ವೀಟೋ ಅಧಿಕಾರ ಅವರ ಕೈಯಲ್ಲೇ ಇತ್ತು, ಬಳಸಿಯೂ ಆಗಿತ್ತು.

2003ರ ಇರಾಕ್ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಫ್ರಾನ್ಸ್ ವೀಟೋ ಹಾಕಿತು ಅಂತ ಬಹಳ ಜನ ನೆನಪಿಟ್ಟುಕೊಂಡಿದ್ದಾರೆ. ಹಾಕಲೇ ಇಲ್ಲ. ಮತದಾನವೇ ಆಗಲಿಲ್ಲ. ಯುದ್ಧಕ್ಕೆ ಒಪ್ಪಿಗೆ ಪಡೆಯಲು ಅಮೆರಿಕ, ಬ್ರಿಟನ್, ಸ್ಪೇನ್ ಇನ್ನೊಂದು ನಿರ್ಣಯದ ಕರಡು ತಂದಿದ್ದವು. ಬಲ್ಗೇರಿಯಾ ಸೇರಿ ಖಚಿತವಾಗಿದ್ದು ನಾಲ್ಕು ಮತ. ಅಂಗೋಲಾ, ಕ್ಯಾಮರೂನ್, ಗಿನಿ, ಚಿಲಿ, ಮೆಕ್ಸಿಕೊ, ಪಾಕಿಸ್ತಾನ ಆರೂ ಅತ್ತಿತ್ತ ನೋಡುತ್ತಿದ್ದವು. ಅವುಗಳಲ್ಲಿ ಐದಾದರೂ ಬರಬೇಕಿತ್ತು, ಬರಲಿಲ್ಲ. ಮಾರ್ಚ್ 10ರಂದು ಫ್ರಾನ್ಸ್ ಅಧ್ಯಕ್ಷ ಷಿರಾಕ್ ಟಿವಿ ಸಂದರ್ಶನದಲ್ಲಿ, ಏನೇ ಆಗಲಿ ನಮ್ಮದು ವಿರೋಧ ಮತ ಅಂದರು. ಅದೇ ಸಂದರ್ಶನದಲ್ಲಿ ಅವರು ಇನ್ನೊಂದು ಮಾತೂ ಹೇಳಿದ್ದರು: ಈ ಕರಡಿಗೆ 9 ಮತ ಸಿಗುವುದಿಲ್ಲ, ಹಾಗಾಗಿ ವೀಟೋ ಪ್ರಶ್ನೆಯೇ ಬರುವುದಿಲ್ಲ. ಲಂಡನ್ ಮೊದಲ ಮಾತನ್ನಷ್ಟೇ ಎತ್ತಿಕೊಂಡಿತು. ಮಾರ್ಚ್ 17ಕ್ಕೆ ಕರಡನ್ನು ಕೈಬಿಟ್ಟು, ರಾಜತಂತ್ರ ಕೆಟ್ಟಿದ್ದು ಫ್ರಾನ್ಸಿನಿಂದ ಅಂದರು. ನನಗೆ ಅನ್ನಿಸುವುದು, ಆ ವಾರ ವೀಟೋ ಬೆದರಿಕೆಯಿಂದ ಜಾಸ್ತಿ ಅನುಕೂಲ ಆಗಿದ್ದು ಆಗಿನ ಬ್ರಿಟನ್ ಪ್ರಧಾನಿ ಟೋನಿ ಬ್ಲೇರ್‌ಗೆ. 9 ಮತ ಕೂಡಿಸಲು ಆಗಲಿಲ್ಲ ಅನ್ನುವುದಕ್ಕಿಂತ ಪ್ಯಾರಿಸ್ ಬಿಡಲಿಲ್ಲ ಅನ್ನುವುದು ಸುಲಭ ಅಲ್ವಾ?

ಅದೇ ಸಮಯದಲ್ಲಿ ಅಮೆರಿಕ ಮತ್ತು ಯುರೋಪಿನ ದೇಶಗಳ ಸೇನಾ ಕೂಟವಾದ ನ್ಯಾಟೋ ಒಳಗೂ ಜಗಳ ನಡೆಯುತ್ತಿತ್ತು. ಅಲ್ಲಿ ವೀಟೋ ಅನ್ನುವ ಹೆಸರೇ ಇಲ್ಲ, ಎಲ್ಲವೂ ಒಮ್ಮತದಿಂದ ಆಗಬೇಕು. ಮತ ಎಣಿಸುವುದೇ ಇಲ್ಲ. ಎಷ್ಟೋ ಸಲ ಕರಡನ್ನು ಎಲ್ಲರಿಗೂ ಕಳಿಸಿ ಒಂದು ಗಡುವು ಕೊಡುತ್ತಾರೆ. ಅಷ್ಟರೊಳಗೆ ಯಾರೂ ತಕರಾರು ಎತ್ತದಿದ್ದರೆ ಒಪ್ಪಿದ ಹಾಗೆ. ಯಾರಾದರೂ ಪತ್ರ ಬರೆದರೆ ಮೌನ ಮುರಿದರು ಅನ್ನುತ್ತಾರೆ. ಇರಾಕ್ ಯುದ್ಧ ಶುರುವಾದರೆ ಅದರ ಪಕ್ಕದ ಸದಸ್ಯ ದೇಶ ಟರ್ಕಿಯನ್ನು ಕಾಯಲು ಈಗಲೇ ಯೋಜನೆ ಮಾಡೋಣ ಅನ್ನುವ ಪ್ರಸ್ತಾಪ ಹೀಗೇ ಸುತ್ತಿ ಬಂತು. ಫೆಬ್ರವರಿ 10ರಂದು ಫ್ರಾನ್ಸ್ ಮತ್ತು ಬೆಲ್ಜಿಯಂ ಮೌನ ಮುರಿದವು, ಜರ್ಮನಿ ಅವುಗಳ ಜೊತೆ ನಿಂತಿತು. ಈಗಲೇ ಯೋಜನೆ ಮಾಡಿದರೆ ಯುದ್ಧಕ್ಕೆ ಒಪ್ಪಿದಂತೆ ಆಗುತ್ತದೆ ಅನ್ನುವುದು ಅವರ ವಾದ. ಒಂದು ವಾರದೊಳಗೆ ವಿಷಯವನ್ನು ರಕ್ಷಣಾ ಯೋಜನಾ ಸಮಿತಿಗೆ ಸಾಗಿಸಿದರು. 1966ರಲ್ಲೇ ಸೇನಾ ವ್ಯವಸ್ಥೆಯಿಂದ ಹೊರಗೆ ಹೋಗಿದ್ದ ಫ್ರಾನ್ಸಿಗೆ ಆ ಸಮಿತಿಯಲ್ಲಿ ಕುರ್ಚಿಯೇ ಇರಲಿಲ್ಲ. ಉಳಿದವರು ಒಪ್ಪಿಕೊಂಡರು. ಒಮ್ಮತ ಬೇಕಾದಾಗ ಒಪ್ಪದವರಿಲ್ಲದ ಕೋಣೆ ಹುಡುಕುವುದು ಹಳೆಯ ವಿದ್ಯೆ.

ಯಾರ ರಕ್ಷಣೆಗೆ ಇಷ್ಟೆಲ್ಲ ಗಲಾಟೆ ಆಯಿತೋ ಆ ಟರ್ಕಿ ಏನು ಮಾಡಿತು? ಅಮೆರಿಕದ ಸೈನ್ಯ ತನ್ನ ನೆಲದಿಂದ ಇರಾಕಿಗೆ ಹೋಗಬಹುದೇ ಅನ್ನುವ ಪ್ರಶ್ನೆ ಮಾರ್ಚ್ 1ರಂದು ಅದರ ಸಂಸತ್ತಿಗೆ ಬಂತು. ಪರ 264, ವಿರುದ್ಧ 250, ತಟಸ್ಥ 19. ಗೆದ್ದ ಹಾಗೇ ಕಾಣುತ್ತದೆ. ಆದರೆ ಅಲ್ಲಿ ಸದನದಲ್ಲಿ ಇದ್ದವರ ಅರ್ಧಕ್ಕಿಂತ ಜಾಸ್ತಿ, ಅಂದರೆ 267 ಬೇಕಿತ್ತು. ಭದ್ರತಾ ಮಂಡಳಿಯಲ್ಲಿ ಖಾಯಂ ಸದಸ್ಯ ತಟಸ್ಥವಾದರೆ ನಿರ್ಣಯಕ್ಕೆ ದಾರಿ ಬಿಟ್ಟಂತೆ. ಟರ್ಕಿಯ ರಾಜಧಾನಿ ಅಂಕಾರಾದಲ್ಲಿ ಆ 19 ಮಂದಿಯ ತಟಸ್ಥ ನಿಲುವೇ ದಾರಿ ಮುಚ್ಚಿತು.

ಐರೋಪ್ಯ ಒಕ್ಕೂಟದಲ್ಲಿ ಇನ್ನೂ ಒಂದು ಮಜಾ ಇದೆ. ಇಂಥ ದೊಡ್ಡ ನಿರ್ಧಾರಕ್ಕೆ ಅಲ್ಲೂ ಒಮ್ಮತ ಬೇಕು. 2023ರ ಡಿಸೆಂಬರ್ 14ರಂದು ಉಕ್ರೇನ್ ಜೊತೆ ಸೇರ್ಪಡೆ ಮಾತುಕತೆ ಶುರು ಮಾಡಬೇಕೇ ಅನ್ನುವ ನಿರ್ಧಾರದ ಹೊತ್ತಿಗೆ, ಅದನ್ನು ವಿರೋಧಿಸುತ್ತಿದ್ದ ಹಂಗೇರಿಯ ಆಗಿನ ಪ್ರಧಾನಿ ಓರ್ಬಾನ್ ಕೋಣೆಯಿಂದ ಎದ್ದು ಹೊರಗೆ ಹೋದರು. ಉಳಿದ 26 ನಾಯಕರು ಹೂಂ ಅಂದರು. ಅದೇ ರಾತ್ರಿ ಉಕ್ರೇನಿಗೆ 5,000 ಕೋಟಿ ಯುರೋ ನೆರವಿನ ವಿಷಯ ಬಂದಾಗ ಮಾತ್ರ ಅವರು ಕೋಣೆಯೊಳಗೇ ಕೂತು ತಡೆದರು. ಅದು ಫೆಬ್ರವರಿ 1ರವರೆಗೆ ಎಳೆಯಿತು.

ಇನ್ನು ಗಾಜಾ ಮತಗಳು. 2023ರ ಡಿಸೆಂಬರ್ 8ರಂದು ಕದನ ವಿರಾಮದ ಕರಡಿಗೆ ಅಮೆರಿಕ ವೀಟೋ ಹಾಕಿತು. ಫ್ರಾನ್ಸ್ ಸೇರಿ 13 ದೇಶ ಪರ, ಬ್ರಿಟನ್ ತಟಸ್ಥ. 2024ರ ಫೆಬ್ರವರಿ 20ರಂದು ಮತ್ತೆ ಅದೇ ಲೆಕ್ಕ. ನವೆಂಬರ್ 20ರ ಹೊತ್ತಿಗೆ ಪರ 14, ವಿರುದ್ಧ 1. ಬ್ರಿಟನ್ನೂ ಆ ಕಡೆಗೆ ಹೋಗಿತ್ತು, ನಡುವೆ ಲಂಡನ್ನಿನಲ್ಲಿ ಸರ್ಕಾರವೂ ಬದಲಾಗಿತ್ತು. ಇದರ ಮಧ್ಯೆ ಮಾರ್ಚ್ 25ರಂದು ಅಮೆರಿಕವೇ ತಟಸ್ಥ ಉಳಿದು ಕದನ ವಿರಾಮ ಕೇಳುವ 2728ನೇ ನಿರ್ಣಯ ಪಾಸಾಗಲು ಬಿಟ್ಟಿತು. ಅಷ್ಟಕ್ಕೇ ಇಸ್ರೇಲ್ ಪ್ರಧಾನಿ ನೆತನ್ಯಾಹು ವಾಷಿಂಗ್ಟನ್ನಿಗೆ ಹೊರಡಬೇಕಿದ್ದ ತಮ್ಮ ನಿಯೋಗವನ್ನು ನಿಲ್ಲಿಸಿದರು. ವಿರುದ್ಧ ಮತ ಹಾಕದಿದ್ದದ್ದೇ ಇಸ್ರೇಲ್ ಕಣ್ಣಿಗೆ ಕೈಕೊಟ್ಟಂತೆ ಕಂಡಿತ್ತು.

ನನ್ನ ಪ್ರಕಾರ ಈಚಿನ ವರ್ಷಗಳಲ್ಲಿ ಎಲ್ಲಕ್ಕಿಂತ ವಿಚಿತ್ರವಾದ ಮತಪಟ್ಟಿ 2025ರ ಫೆಬ್ರವರಿ 24ರದು. ಉಕ್ರೇನ್ ಯುದ್ಧಕ್ಕೆ ಅವತ್ತಿಗೆ ಮೂರು ವರ್ಷ. ಬೇಗ ಯುದ್ಧ ಮುಗಿಸಿ ಅನ್ನುವ ಸಣ್ಣ ಕರಡನ್ನು ಅಮೆರಿಕ ಮಂಡಳಿಗೆ ತಂದಿತು. ದಾಳಿ ಮಾಡಿದ್ದು ಯಾರು ಅನ್ನುವುದು ಅದರಲ್ಲಿ ಇರಲಿಲ್ಲ. ಯುರೋಪಿನವರು ತಿದ್ದುಪಡಿ ತಂದರು, ಯಾವುದೂ ದಾಟಲಿಲ್ಲ. ಕೊನೆಗೆ ರಷ್ಯಾ, ಚೀನಾ, ಅಮೆರಿಕ ಒಂದೇ ಕಡೆ. ಪರ 10, ವಿರುದ್ಧ ಸೊನ್ನೆ. ತಟಸ್ಥ ಉಳಿದ ಐದೂ ಯುರೋಪಿನ ದೇಶಗಳು: ಬ್ರಿಟನ್, ಫ್ರಾನ್ಸ್, ಡೆನ್ಮಾರ್ಕ್, ಗ್ರೀಸ್, ಸ್ಲೊವೇನಿಯಾ.

ಇವುಗಳಲ್ಲಿ ಎರಡಕ್ಕೆ ವೀಟೋ ಇತ್ತು. ಯಾಕೆ ಹಾಕಲಿಲ್ಲ? 1989ರ ಡಿಸೆಂಬರಿನಲ್ಲಿ ಪನಾಮಾ ವಿಷಯದಲ್ಲಿ ಅಮೆರಿಕದ ಜೊತೆ ಸೇರಿ ಹಾಕಿದ ಮೇಲೆ ಬ್ರಿಟನ್, ಫ್ರಾನ್ಸ್ ವೀಟೋ ಮುಟ್ಟಿಲ್ಲ. ಬಳಸಿದರೆ, ನಿಮಗಿನ್ನೂ ಈ ಅಧಿಕಾರ ಯಾಕೆ ಅಂತ ಉಳಿದವರು ಕೇಳುತ್ತಾರೆ ಅನ್ನುವ ಅಳುಕು ಇಬ್ಬರಿಗೂ ಇದೆ ಅಂತ ನನ್ನ ಅನಿಸಿಕೆ. ಅವತ್ತಿನ ಕಾರಣ ಮಾತ್ರ ಇನ್ನೂ ಸರಳ ಇರಬೇಕು. ಅದೇ ದಿನ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರನ್ ಶ್ವೇತಭವನದಲ್ಲಿ ಟ್ರಂಪ್ ಜೊತೆ ಕೂತು ಉಕ್ರೇನ್ ಬಗ್ಗೆಯೇ ಮಾತಾಡುತ್ತಿದ್ದರು. ಮೂರು ದಿನ ಬಿಟ್ಟು ಬ್ರಿಟನ್ ಪ್ರಧಾನಿ ಸ್ಟಾರ್ಮರ್ ಹೋಗುವವರಿದ್ದರು.