ಬಯಾಪ್ಸಿ ಚಿಮಟಕ್ಕೆ ಸಿಗದ ಗಂಟಲ ಗಂಟು

ಮಲೆನಾಡಿನ ಮಳೆಗಾಲದಲ್ಲಿ ದನಿ ಒಡೆದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಥಂಡಿ ಇರಬೇಕು, ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಸುವಾಗ ನೆನೆದದ್ದಿರಬೇಕು ಎಂದು ಕಷಾಯ ಕುಡಿದು ಸುಮ್ಮನಾಗುತ್ತಾರೆ. ಮೂರು ವಾರವಾದರೂ ದನಿ ಸರಿಹೋಗದಿದ್ದರೆ ಕಿವಿ-ಮೂಗು-ಗಂಟಲು ತಜ್ಞರಿಗೆ ತೋರಿಸಲೇಬೇಕು. ಅದು ಧ್ವನಿಪೆಟ್ಟಿಗೆಯ ಕ್ಯಾನ್ಸರಿನ ಸುಳಿವೂ ಆಗಿರಬಹುದು.

ಧ್ವನಿಪೆಟ್ಟಿಗೆಯ ಕ್ಯಾನ್ಸರ್‌ಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಒಳಪದರದಲ್ಲಿ ಹುಟ್ಟುವ ಸ್ಕ್ವೇಮಸ್ ಕಾರ್ಸಿನೋಮಾಗಳು. ಅವಕ್ಕೆ ತಂಬಾಕು ದೊಡ್ಡ ಕಾರಣ. ಸ್ನಾಯು, ಕೊಬ್ಬು, ಮೃದ್ವಸ್ಥಿ, ಮೂಳೆಗಳಿಂದ ಹುಟ್ಟುವ ಸಾರ್ಕೋಮಾಗಳು ನೂರರಲ್ಲಿ ಒಂದರ ಆಸುಪಾಸು. ‘ಬೀಡಿಯಿಲ್ಲ, ಎಲೆಅಡಿಕೆಯಿಲ್ಲ, ಇವರಿಗೆಲ್ಲಿಯ ಕ್ಯಾನ್ಸರ್’ ಎಂಬ ತರ್ಕ ಇವುಗಳ ಮುಂದೆ ನಡೆಯುವುದಿಲ್ಲ.

ಈ ಸಾರ್ಕೋಮಾಗಳಲ್ಲಿ ಹೆಚ್ಚಾಗಿ ಕಾಣುವುದು ಮೃದ್ವಸ್ಥಿಯಿಂದ ಹುಟ್ಟುವ ಕಾಂಡ್ರೋಸಾರ್ಕೋಮಾ. ಧ್ವನಿತಂತುಗಳ ಕೆಳಗೆ ಉಸಿರುದಾರಿಯನ್ನು ಪೂರ್ತಿ ಸುತ್ತುವರಿದಿರುವ ಕ್ರಿಕಾಯ್ಡ್ ಮೃದ್ವಸ್ಥಿಯ ಹಿಂಭಾಗವೇ ಸಾಮಾನ್ಯವಾಗಿ ಇದರ ಹುಟ್ಟುನೆಲೆ. ವರ್ಷಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಗಂಟು ಒಳಮುಖವಾಗಿ ಚಾಚಿದಾಗ ಉಸಿರುದಾರಿ ಕಿರಿದಾಗುತ್ತದೆ. ಏರು ಹತ್ತುವಾಗ ಏದುಸಿರು ಬಂದರೆ ದಮ್ಮು ಎಂದು ಇನ್‌ಹೇಲರ್ ಕೈಗೆ ಬರುತ್ತದೆ. ಕಿವಿಗೊಟ್ಟು ಕೇಳಿದರೆ ವ್ಯತ್ಯಾಸ ತಿಳಿಯುತ್ತದೆ. ದಮ್ಮಿನಲ್ಲಿ ಉಸಿರು ಬಿಡುವಾಗ ಎದೆಯಿಂದ ಸಿಳ್ಳೆಯಂಥ ಸದ್ದು ಹೆಚ್ಚು. ಇಲ್ಲಿ ಎಳೆದುಕೊಳ್ಳುವಾಗ ಕುತ್ತಿಗೆಯಲ್ಲೇ ಗೊರಗೊರ.

ಮೂಗಿನ ಮೂಲಕ ಎಂಡೋಸ್ಕೋಪ್ ಇಳಿಸಿದಾಗ ಹುಣ್ಣು ಕಾಣುವುದಿಲ್ಲ. ನುಣುಪಾದ ಉಬ್ಬು, ಮೇಲೆ ಆರೋಗ್ಯವಂತ ಒಳಪದರ. ಈ ಹಂತದಲ್ಲಿ ಬಯಾಪ್ಸಿಗೆ, ಅಂದರೆ ಪರೀಕ್ಷೆಗೆಂದು ಚೂರು ತೆಗೆಯಲು ಅವಸರ ಬೇಡ, ಮೊದಲು ಸಿ.ಟಿ. ಸ್ಕ್ಯಾನ್ ಆಗಬೇಕು, ಅದೂ 1 ಮಿ.ಮೀ. ಆಸುಪಾಸಿನ ತೆಳು ಸ್ಲೈಸ್‌ಗಳಲ್ಲಿ. ಕತ್ತರಿಸಿದ ಮೇಲೆ ಊತ, ರಕ್ತ ಸೇರಿ ಚಿತ್ರ ಕಲಸಿಹೋಗುತ್ತದೆ. ಗಂಟಿನೊಳಗೆ ಜೋಳದ ಅರಳು ಚೆಲ್ಲಿದಂತೆ ಸುಣ್ಣದ ಚುಕ್ಕೆಗಳಿದ್ದರೆ ಮೃದ್ವಸ್ಥಿಯ ಗೆಡ್ಡೆ ಎಂಬ ಅನುಮಾನ ಬಲವಾಗುತ್ತದೆ. ಆದರೆ ವಯಸ್ಸಾದಂತೆ ಧ್ವನಿಪೆಟ್ಟಿಗೆಯ ಮೃದ್ವಸ್ಥಿ ತಾನಾಗಿಯೇ ಮೂಳೆಯಾಗುತ್ತದೆ, ಆದ್ದರಿಂದ ಸುಣ್ಣ ಕಂಡದ್ದೆಲ್ಲ ರೋಗವಲ್ಲ.

ಬಯಾಪ್ಸಿಯಲ್ಲೇ ಹೆಚ್ಚು ಎಡವಟ್ಟು. ಗೆಡ್ಡೆ ಗಟ್ಟಿ, ಚಿಮಟ ಜಾರಿ ಮೇಲಿನ ಪದರದ ಚೂರಷ್ಟೇ ಬರುತ್ತದೆ. ಆಗ ‘ಕ್ಯಾನ್ಸರ್ ಕಂಡುಬಂದಿಲ್ಲ’ ಎಂಬ ವರದಿ ಸುಳ್ಳಲ್ಲ, ಆದರೆ ಅದು ಗಂಟಿನ ವರದಿಯೇ ಅಲ್ಲ. ಪೂರ್ತಿ ಅರಿವಳಿಕೆ ಕೊಟ್ಟು, ಒಳಪದರ ಸೀಳಿ ಆಳದಿಂದ ತುಂಡು ತೆಗೆಯಬೇಕು. ಉಸಿರುದಾರಿ ಮೊದಲೇ ಕಿರಿದು. ಬಯಾಪ್ಸಿಯ ಊತ ಅದನ್ನು ಮುಚ್ಚಿಬಿಡಬಹುದು. ಕುತ್ತಿಗೆಯಲ್ಲಿ ರಂಧ್ರ ಮಾಡಿ ಟ್ಯೂಬ್ ಹಾಕಲು ತಂಡ ಸಜ್ಜಾಗಿರದಿದ್ದರೆ ಕೈಹಾಕದಿರುವುದೇ ಮೇಲು.

ತೆಗೆದ ತುಂಡು ಕೆಡದಂತೆ ತನಗಿಂತ ಸುಮಾರು ಹತ್ತು ಪಟ್ಟು 10% ಬಫರ್ಡ್ ಫಾರ್ಮಲಿನ್‌ನಲ್ಲಿ ಮುಳುಗಬೇಕು. ಸುಣ್ಣಗಟ್ಟಿದ್ದರೆ ಲ್ಯಾಬ್‌ನಲ್ಲಿ ಆ ಸುಣ್ಣವನ್ನು ಕರಗಿಸದೆ ತುಂಡನ್ನು ತೆಳುವಾಗಿ ಕೊಯ್ಯಲಾಗದು. ಅವಸರಕ್ಕೆ ಬಲವಾದ ಆಮ್ಲ ಬಳಸಿದರೆ ಡಿ.ಎನ್‌.ಎ. ಹಾಳಾಗಿ ಮುಂದಿನ ಜೀನ್ ಪರೀಕ್ಷೆ ಕೆಡುತ್ತದೆ, ಸುಣ್ಣವನ್ನು ಮೆಲ್ಲಗೆ ಸೆಳೆದುಕೊಳ್ಳುವ ಇ.ಡಿ.ಟಿ.ಎ. ಎಂಬ ರಾಸಾಯನಿಕ ನಿಧಾನ, ಆದರೆ ಸುರಕ್ಷಿತ.

ಸೂಕ್ಷ್ಮದರ್ಶಕದಡಿ ಇನ್ನೊಂದು ಗೊಂದಲ. ಕದಿರಿನಾಕಾರದ ಕೋಶಗಳು ಕಂಡೊಡನೆ ಸಾರ್ಕೋಮಾ ಎನ್ನುವಂತಿಲ್ಲ. ಧ್ವನಿಪೆಟ್ಟಿಗೆಯಲ್ಲಿ ಅಂಥ ರೂಪ ತಾಳಿದ ಕಾರ್ಸಿನೋಮಾವೇ ಹೆಚ್ಚು ಸಾಮಾನ್ಯ. ಕೋಶದೊಳಗಿನ ಪ್ರೋಟೀನುಗಳನ್ನು ಗುರುತಿಸಲು ಹಾಕುವ ಬಣ್ಣಗಳು ಇಲ್ಲಿ ನೆರವಾಗುತ್ತವೆ. ಸೈಟೋಕೆರಾಟಿನ್, ಪಿ40 ಬಣ್ಣ ಹಿಡಿದರೆ ಕಾರ್ಸಿನೋಮಾದತ್ತ ಒಲವು. ಡೆಸ್ಮಿನ್, ಮಯೋಜೆನಿನ್ ಸ್ನಾಯುವಿನತ್ತ, ಎಂ.ಡಿ.ಎಂ.2 ಜೀನಿನ ವೃದ್ಧಿ ಕೊಬ್ಬಿನ ಸಾರ್ಕೋಮಾದತ್ತ ಬೆರಳು ಮಾಡುತ್ತವೆ. ಯಾವ ಒಂದು ಬಣ್ಣವನ್ನೂ ಒಂಟಿಯಾಗಿ ನಂಬುವಂತಿಲ್ಲ. ನಿರುಪದ್ರವಿ ಕಾಂಡ್ರೋಮಾ ಮತ್ತು ಕೆಳದರ್ಜೆಯ ಕಾಂಡ್ರೋಸಾರ್ಕೋಮಾಗಳನ್ನು ಚಿಕ್ಕ ಚೂರಿನಿಂದ ಬೇರ್ಪಡಿಸುವುದು ಅನುಭವಿ ಪೆಥಾಲಜಿಸ್ಟರಿಗೂ ಕಷ್ಟ, ಪಕ್ಕದಲ್ಲಿ ಸಿ.ಟಿ. ಇಟ್ಟುಕೊಂಡೇ ಓದಬೇಕು. ಇಷ್ಟು ತಲೆಬಿಸಿಗೆ ಕಾರಣವಿದೆ: ಕೆಳದರ್ಜೆಯದು ದೇಹದ ಬೇರೆಡೆಗೆ ಹರಡುವುದು ಅಪರೂಪ, ಎಷ್ಟೋ ಸಲ ಧ್ವನಿಪೆಟ್ಟಿಗೆ ಉಳಿಸಿಕೊಂಡೇ ಗೆಡ್ಡೆ ತೆಗೆಯಬಹುದು.

ಶಿವಮೊಗ್ಗದಿಂದ ಎರಡನೇ ಅಭಿಪ್ರಾಯಕ್ಕೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೋ ಮಣಿಪಾಲಕ್ಕೋ ಹೋಗುವವರು ಪ್ಯಾರಾಫಿನ್ ಬ್ಲಾಕ್ (ತುಂಡನ್ನು ಮೇಣದಲ್ಲಿ ಹುದುಗಿಸಿದ ಅಚ್ಚು), ಸ್ಲೈಡ್‌ಗಳು, ಸಿ.ಟಿ. ಚಿತ್ರಗಳ ಸಿ.ಡಿ. ಮೂರನ್ನೂ ಲ್ಯಾಬ್‌ಗಳಿಂದ ಕೇಳಿ ಪಡೆಯಬೇಕು. ಬ್ಲಾಕನ್ನು ಬಿಸಿಲು ಬೀಳುವ ಕಿಟಕಿ ಪಕ್ಕ ಇಡಬೇಡಿ, ಮೇಣ ಮೆತ್ತಗಾಗಬಹುದು. ಬರೀ ವರದಿಯ ಕಾಗದ ಒಯ್ದರೆ ಹೊಸ ಬಣ್ಣ ಹಾಕಿ ನೋಡಲು ಅಲ್ಲಿನವರಿಗೆ ಏನೂ ಇರುವುದಿಲ್ಲ. ಮತ್ತೆ ಅರಿವಳಿಕೆ, ಮತ್ತೆ ಬಯಾಪ್ಸಿ.